ಹಗಲು ಹೊತ್ತಿನ ಲಗ್ನ

ಆಳಂದ
೧೦ ಜೂನ್ ೨೦೨೪

ಶೈಲಶ್ರೀಯವರಿಗೆ ಶರಣು ಶರಣಾರ್ಥಿ.

ನಾನು ಸಂಜುಕುಮಾರ. ಆಳಂದದ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಜಿಡಗಾ ಮಠದಲ್ಲಿ ನನ್ನ ಅಕ್ಕ ಗುರಮ್ಮ ಮತ್ತು ನಿಮ್ಮ ಅತ್ತಿಗೆ ಪ್ರಸಾದದ ಪಂಕ್ತಿಯಲ್ಲಿ ಅಕ್ಕಪಕ್ಕ ಕುಳಿತು, ಹುಗ್ಗಿ ಉಣ್ಣುತ್ತಲೇ ನಮ್ಮಿಬ್ಬರ ಸಂಬಂಧದ ಮಾತು ತೆಗೆದರಂತೆ. ಹೆಂಡತಿ ಸತ್ತವನು ಇಲ್ಲೊಬ್ಬ, ಗಂಡ ಸತ್ತವಳು ಅಲ್ಲೊಬ್ಬಳು, ಕೂಡಿಸಿದರೆ ಒಂದು ಮನೆಯಾಗುತ್ತದೆ ಎಂಬುದು ಅವರ ವಿಚಾರ. ನೀವು ಮಾತ್ರ ಒಂದು ಷರತ್ತು ಹಾಕಿದಿರಂತೆ. ‘ಮೊದಲ ನಾಕು ಪತ್ರ ಬರೀಲಿ. ಹೊಲ-ಮನಿ ವಿಷಯ ಬ್ಯಾಡ. ಊಟ, ಮೊಬೈಲು, ಬಿಡುವಿದ್ದಾಗ ಏನು ಮಾಡ್ತಾರ, ಅದನ್ನ ಬರೀಲಿ.’ ಅಕ್ಕ ಇದನ್ನು ಹೇಳಿ ಹಣೆ ಬಡಿದುಕೊಂಡಳು. ‘ಮೊಬೈಲ್ ರಿಪೇರಿ ಮಾಡಾವಗ ಪತ್ರ ಬರಿ ಅಂತಾಳಲ್ಲೋ, ಎಂಥಾಕಿ ಇದ್ದಾಳೋ!’

ನನಗಂತೂ ಖುಷಿಯಾಯಿತು. ಫೋನಿನಲ್ಲಿ ಹೊಸಬರ ಜೊತೆ ನನಗೆ ಮಾತು ಹೊರಡುವುದಿಲ್ಲ. ‘ಹಾಂ’, ‘ಹೂಂ’, ‘ಊಟ ಆಯ್ತ್ರಿ?’ ಅಷ್ಟಕ್ಕೇ ಮುಗಿಯುತ್ತದೆ.

ಊಟ: ಎರಡು ಹೊತ್ತೂ ಖಾನಾವಳಿ. ಪುಂಡಿಪಲ್ಯ ಇದ್ದ ದಿನ ಒಂದು ರೊಟ್ಟಿ ಹೆಚ್ಚು. ರೊಟ್ಟಿ ಬಿಸಿಯಿರಬೇಕು. ಕಡಕ್ ರೊಟ್ಟಿ ರೊಟ್ಟಿಯೇ ಅಲ್ಲ, ಅದು ಹಪ್ಪಳದ ಅಣ್ಣ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊಬೈಲು: ಅನ್ನ ಕೊಡುವ ದೇವರು, ಬೈಯಬಾರದು. ಆದರೆ ಡಿಸ್‌ಪ್ಲೇ ಒಡೆದವರು ನನ್ನ ಮೇಜಿನ ಮುಂದೆ ಕುಳಿತಾಗ ಅವರ ಮುಖ ನೋಡಬೇಕು ನೀವು, ಆಪರೇಶನ್ ಕೋಣೆಯ ಹೊರಗೆ ಕುಳಿತವರ ಮುಖ. ಬಿಡುವು: ಪಕ್ಕದ ಚಪ್ಪಲಿ ಅಂಗಡಿಯ ಚಾಂದಪಾಶಾನ ಜೊತೆ ಕೇರಂ. ಅವನು ಮೋಸ ಮಾಡುತ್ತಾನೆ, ನಾನು ನೋಡದ ಹಾಗೆ ಇರುತ್ತೇನೆ. ಇಲ್ಲದಿದ್ದರೆ ಆಡಲು ಇನ್ಯಾರಿದ್ದಾರೆ?

ನನ್ನ ಹೆಂಡತಿ ಕರೋನಾದಲ್ಲಿ ಹೋದಳು. ಮಕ್ಕಳಿಲ್ಲ. ಈ ವಿಷಯ ನೀವು ಕೇಳಿರಲಿಲ್ಲ, ಆದರೂ ಬರೆದೆ.

ಇಂತಿ,
ಸಂಜುಕುಮಾರ


ಜೇವರ್ಗಿ
೨೪ ಜೂನ್ ೨೦೨೪

ಸಂಜುಕುಮಾರ ಅವರಿಗೆ ಶರಣು.

ಪತ್ರ ಕಚೇರಿಗೆ ಬಂತು. ನಮ್ಮ ಜವಾನ ಲಾಲಸಾಬ ಅದನ್ನು ಟಪಾಲಿನ ಕಟ್ಟಿನಿಂದ ಬೇರೆ ತೆಗೆದು, ‘ಮೇಡಂ, ಇದು ಸರ್ಕಾರಿ ಕಾಗದ ಅಲ್ರಿ. ಅಕ್ಷರ ಭಾಳ ಛಲೋ ಅದಾವ’ ಎಂದು ಮೇಜಿನ ಮೇಲೆ ಇಟ್ಟುಹೋದ. ಮಧ್ಯಾಹ್ನದವರೆಗೆ ನಾನು ಅದನ್ನು ಒಡೆಯಲಿಲ್ಲ. ಗೊಣಗುಟ್ಟುವ ಅಧಿಕಾರಿಗಳೆಲ್ಲ ಊಟಕ್ಕೆ ಹೋದ ಮೇಲೆ ಓದಿದೆ, ಒಬ್ಬಳೇ ನಕ್ಕೆ.

ಕಡಕ್ ರೊಟ್ಟಿಯ ಬಗ್ಗೆ ಆಡಿದ ಮಾತು ವಾಪಸ್ ತೆಗೆದುಕೊಳ್ಳಿ. ಬಿಸಿ ರೊಟ್ಟಿ ದಾರಿ ಕಾಯುವವರು ಇದ್ದವರ ಊಟ. ನೀವು ಬರುವುದು ತಡವಾದರೆ ಅದು ಚರ್ಮವಾಗುತ್ತದೆ. ಕಡಕ್ ರೊಟ್ಟಿ ಹಾಗಲ್ಲ. ನಮ್ಮ ಮನೆಯಲ್ಲಿ ಅಣ್ಣ ಜಗದೇವಪ್ಪ, ಅತ್ತಿಗೆ, ಮಕ್ಕಳು, ಸೊಸೆ ಎಲ್ಲರದೂ ಆದ ಮೇಲೆ ನನ್ನ ಊಟ. ಮೊಸರು, ಶೇಂಗಾ ಹಿಂಡಿ, ಕಡಕ್ ರೊಟ್ಟಿ. ಯಾರನ್ನೂ ಕೇಳುವ ಹಂಗಿಲ್ಲ.

ಗಂಡನ ನೌಕರಿ ಅನುಕಂಪದ ಮೇಲೆ ನನಗೆ ಬಂತು. ಗುಮಾಸ್ತೆ. ದಿನಕ್ಕೆ ಎಷ್ಟು ಮಂದಿಗೆ ‘ಸರ್ವರ್ ಇಲ್ಲ, ನಾಳೆ ಬರ್ರಿ’ ಅನ್ನುತ್ತೇನೋ! ಒಬ್ಬ ಮುದುಕ ಕೇಳಿದ, ‘ಯಾರವ್ವಾ ಅಂವ ಸರ್ವರ? ದಿನಾ ರಜಾ ಹಾಕ್ತಾನಲ್ಲ!’ ಕಂಪ್ಯೂಟರ್ ಬಗ್ಗೆ ನನ್ನ ಅಭಿಪ್ರಾಯವೂ ಅದೇ. ಮನೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಮನೆಮಂದಿಯದೇ ಒಂದು ವಾಟ್ಸಾಪ್ ಗ್ರೂಪ್ ಇದೆ, ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕಿ ‘ಶುಭೋದಯ’ ಎನ್ನುತ್ತಾರೆ. ಎದುರಿಗೆ ಬಂದಾಗ ‘ಸ್ವಲ್ಪ ಸರೀರಿ’ ಎನ್ನುತ್ತಾರೆ.

ಬಿಡುವಿನಲ್ಲಿ ಕೌದಿ ಹೊಲಿಯುತ್ತೇನೆ. ಹಳೆಯ ಸೀರೆ, ಅಣ್ಣನ ಧೋತರ, ಯಾರದೋ ಲಂಗ, ಎಲ್ಲ ತುಂಡುಗಳೂ ಬೇಕು. ಮನೆಯಲ್ಲಿರುವ ಹಾಸಿಗೆಗಿಂತ ಕೌದಿಗಳೇ ಹೆಚ್ಚಾಗಿವೆ.

ಮೊನ್ನೆ ಬಸುರಿ ಸೊಸೆಯ ಕುಬುಸದ ಕಾರ್ಯ ಇತ್ತು. ಮನೆ ತುಂಬ ಹೆಣ್ಣುಮಕ್ಕಳು, ಹಾಡು, ಆರತಿ. ನಾನು ಅಡುಗೆಮನೆಯಲ್ಲೇ ಇದ್ದೆ. ಅಲ್ಲಿ ಕೆಲಸ ಬಹಳ ಇತ್ತು.

ಶೈಲಶ್ರೀ


ಆಳಂದ
೫ ಜುಲೈ ೨೦೨೪

ಶೈಲಶ್ರೀಯವರಿಗೆ ಶರಣು.

ಕಡಕ್ ರೊಟ್ಟಿಯ ಮಾತು ವಾಪಸ್ ತೆಗೆದುಕೊಂಡೆ. ಅಷ್ಟೇ ಅಲ್ಲ, ಖಾನಾವಳಿಯಲ್ಲಿ ಕೇಳಿ ತರಿಸಿಕೊಂಡೆ. ಮಾಲೀಕ ಹೆದರಿಬಿಟ್ಟ, ‘ಯಾಕ್ರೀ ಸಂಜಪ್ಪಾ, ಬಿಸಿದು ಸೇರವಲ್ದೇನು?’ ಎಂದ. ಹಲ್ಲಿಗೆ ಕೆಲಸ ಬಿತ್ತು, ರುಚಿ ಪರವಾಗಿಲ್ಲ. ಪೂರ್ತಿ ಸೋತೆ ಎಂದು ತಿಳಿಯಬೇಡಿ.

ನಿಮ್ಮ ಪತ್ರ ಓದಿ ನನಗೊಂದು ಸಮಾಧಾನವಾಯಿತು. ಕಾರ್ಯದ ಮನೆಯಲ್ಲಿ ನೀವು ಅಡುಗೆಮನೆ ಸೇರಿದ್ದು! ನಾನೂ ಥೇಟ್ ಹಾಗೇ. ಲಗ್ನ, ಕೂಸಿನ ಜವಳ, ಏನೇ ಇದ್ದರೂ ಮಂಟಪದ ಹಿಂದೆ ನೀರಿನ ಟಾಕಿಯ ಹತ್ತಿರ ಒಂದು ಕುರ್ಚಿ ಹಿಡಿದು ಕುಳಿತುಬಿಡುತ್ತೇನೆ. ಗದ್ದಲ ಒಗ್ಗುವುದಿಲ್ಲ. ಇಬ್ಬರೂ ಒಂದೇ ಜಾತಿಯ ಹಕ್ಕಿಗಳು ಎಂದಾಯಿತು.

ಒಂದು ವಿಷಯ ಹೇಳುತ್ತೇನೆ, ನಗಬೇಡಿ. ರಿಪೇರಿ ಮಾಡಿದ ಫೋನಿನ ಸ್ಪೀಕರು, ಮೈಕು ಸರಿಯಿದೆಯೋ ಎಂದು ನೋಡಬೇಕಲ್ಲ? ಅದರಿಂದ ನನ್ನ ನಂಬರಿಗೇ ಫೋನ್ ಹಚ್ಚುತ್ತೇನೆ. ಒಂದು ಕಿವಿಗೆ ಅದು, ಒಂದು ಕಿವಿಗೆ ಇದು. ‘ಹಲೋ’ ಎನ್ನುತ್ತೇನೆ. ಇನ್ನೊಂದು ಕಿವಿಯಲ್ಲಿ ನಾನೇ ‘ಹಲೋ’ ಎನ್ನುತ್ತೇನೆ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಒಮ್ಮೊಮ್ಮೆ ‘ಏನ್ ಮಾಡಾಕತ್ತಿ? ಊಟ ಆತೇನು?’ ಎಂದೂ ಕೇಳಿಬಿಡುತ್ತೇನೆ. ಒಂದು ದಿನ ಚಾಂದಪಾಶಾ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ. ‘ಅರೇ ಭಾಯ್, ಜಲ್ದಿ ಲಗ್ನ ಆಗು’ ಎಂದ. ಅವನು ಅಂದದ್ದು ತಮಾಷೆಗೆ. ನನಗೆ ಆ ಸಂಜೆ ಕೇರಂ ಆಡಲು ಮನಸ್ಸಾಗಲಿಲ್ಲ.

ಮನೆಗೆ ಹೋದರೆ ಬೀಗ ತೆಗೆಯುವ ಸದ್ದು ಎಷ್ಟು ದೊಡ್ಡದು ಎಂಬುದು ಹೆಂಡತಿ ಹೋದ ಮೇಲೇ ಗೊತ್ತಾಗಿದ್ದು. ನಿಮ್ಮ ಮನೆಯಲ್ಲಿ ಇಷ್ಟು ಮಂದಿ ಇದ್ದಾರೆ, ನಿಮಗೆ ಈ ಕಾಟ ಇಲ್ಲ. ಅಷ್ಟು ಪುಣ್ಯ ಅನ್ನಿ.

ನಿಮ್ಮದೊಂದು ಫೋಟೋ ಕಳಿಸಬಹುದೇ?

ಸಂಜುಕುಮಾರ


ಜೇವರ್ಗಿ
೨೦ ಜುಲೈ ೨೦೨೪

ಸಂಜುಕುಮಾರ ಅವರಿಗೆ,

ನಿಮ್ಮ ‘ಹಲೋ’ ಓದಿ ನಗಲಿಲ್ಲ. ಎರಡು ಸಲ ಓದಿದೆ.

ಫೋಟೋ ಇಲ್ಲ. ನೌಕರಿಗೆ ಸೇರುವಾಗ ತೆಗೆಸಿದ್ದು ಒಂದಿದೆ, ಅದರಲ್ಲಿ ಅತ್ತು ಮುಗಿಸಿದ ಮುಖ. ಈಗಿನ ಮೊಬೈಲಿನವು ನನಗೆ ಆಗುವುದಿಲ್ಲ. ಸೊಸೆ ಒಮ್ಮೆ ನನ್ನದೊಂದು ತೆಗೆದು ಏನೋ ಹಚ್ಚಿ ತೋರಿಸಿದಳು. ಗೋಧಿ ಬಣ್ಣ ಹೋಗಿ ಮೈದಾ ಆಗಿದ್ದೆ. ‘ಅತ್ತಿ, ಎಷ್ಟು ಛಂದ ಕಾಣ್ತೀರಿ!’ ಎಂದಳು. ಅಲ್ಲಿ ಇದ್ದದ್ದು ನಾನಲ್ಲವೇ ಅಲ್ಲ. ನೋಡುವುದಿದ್ದರೆ ಮುಖಾಮುಖಿ ನೋಡಿ. ಬಲಗೆನ್ನೆಯ ಮೇಲೆ ಚಿಕ್ಕಂದಿನಲ್ಲಿ ಒಲೆ ಸುಟ್ಟ ಕಲೆ ಇದೆ. ಕೂದಲು ನರೆತಿದೆ. ಬಣ್ಣ ಹಚ್ಚುವುದಿಲ್ಲ.

ಮಂದಿ ಇದ್ದ ಮನೆಯಲ್ಲಿ ಕಾಟ ಇಲ್ಲ ಎಂದು ಬರೆದಿರಿ. ಇರಲಿ ಬಿಡಿ.

ಪಂಚಮಿ ಹತ್ತಿರ ಬಂತು. ಉಂಡಿ ಕಟ್ಟುವ ಕೆಲಸ ನನ್ನದು. ಶೇಂಗಾ ಉಂಡಿ, ಎಳ್ಳಿನ ಉಂಡಿ, ಅಳ್ಳಿಟ್ಟು. ಜೋಕಾಲಿ ಕಟ್ಟುವುದು ಮಕ್ಕಳ ಕೆಲಸ. ನನಗೆ ಜೋಕಾಲಿ ಎಂದರೆ ಪ್ರಾಣ. ಬಹಳ ವರ್ಷದಿಂದ ಆಡಿಲ್ಲ. ನಿಮಗೆ ಹೇಳಬೇಕೆನಿಸಿತು.

ಕೊನೆಗೆ ಒಂದು ಮಾತು ಕೇಳುತ್ತೇನೆ. ನಿಮ್ಮ ಮೊದಲ ಲಗ್ನ ಹೇಗಾಗಿತ್ತು? ಬಿಡಿಸಿ ಬರೆಯಿರಿ. ಯಾಕೆ ಎಂದು ಈಗ ಕೇಳಬೇಡಿ.

ಶೈಲಶ್ರೀ


ಆಳಂದ
೧೨ ಆಗಸ್ಟ್ ೨೦೨೪

ಪ್ರಿಯ ಶೈಲಶ್ರೀಯವರಿಗೆ,

‘ಪ್ರಿಯ’ ಎಂದು ಬರೆದಿದ್ದೇನೆ. ಬೇಡವಾದರೆ ಹೊಡೆದುಹಾಕಿ ಓದಿ.

ಹೆಣ್ಣುಮಕ್ಕಳಿಗೆ ಮೊದಲ ಹೆಂಡತಿಯ ವಿಷಯ ತಿಳಿದುಕೊಳ್ಳುವ ಕುತೂಹಲ ಇದ್ದೇ ಇರುತ್ತದೆ ಎಂದು ಅಕ್ಕ ಹೇಳಿದಳು. ತಪ್ಪೇನಿಲ್ಲ. ಹೇಳುತ್ತೇನೆ. ಮಟಕಿಯಲ್ಲಿ ಆಯಿತು ನಮ್ಮ ಲಗ್ನ. ಮಧ್ಯಾಹ್ನದ ಮುಹೂರ್ತ, ತಲೆ ಸುಡುವ ಬಿಸಿಲು. ಎರಡು ತಂಡ ಬ್ಯಾಂಡು ಬಂದಿತ್ತು, ಒಂದಕ್ಕೊಂದು ಸೋಲಲೊಲ್ಲವು. ಅಕ್ಕಿಕಾಳು ಬೀಳುವಾಗ ಯಾರೋ ಪುಣ್ಯಾತ್ಮ ಮುಷ್ಟಿಗಟ್ಟಲೆ ತೂರಿ ನನ್ನ ಕಣ್ಣಿಗೇ ಹೊಡೆದ. ಊರಿಗೆ ಊರೇ ಉಂಡಿತು. ನಾನಂತೂ ಯಾವಾಗ ಮುಗಿದೀತು, ಯಾವಾಗ ಈ ಬಾಸಿಂಗ ತೆಗೆದು ಒಗೆದೇನು ಎಂದು ಕುಳಿತಿದ್ದೆ. ಅವಳು ಮಾತ್ರ ಇಡೀ ದಿನ ನಗುತ್ತಲೇ ಇದ್ದಳು.

ನಮ್ಮದಕ್ಕೆ ಆ ರಾಮಾಯಣ ಯಾವುದೂ ಇಲ್ಲ, ಹೆದರಬೇಡಿ. ಪಂಚಮಿಗೆ ಅಕ್ಕ ಜೇವರ್ಗಿಗೆ ಬಂದಿದ್ದಳಲ್ಲ, ಆಗ ನಿಮ್ಮ ಅಣ್ಣನವರ ಜೊತೆ ಎಲ್ಲ ಮಾತಾಯಿತು. ದೀಪಾವಳಿ ಕಳೆದ ಮೇಲೆ ಉಡಕಿ. ಗಂಡ ಸತ್ತವರಿಗೆ ನಮ್ಮ ಮನೆತನಗಳಲ್ಲಿ ನಡೆದುಬಂದ ಪದ್ಧತಿಯೇ ಅದು, ನಿಮಗೆ ಗೊತ್ತಿದ್ದದ್ದೇ. ರಾತ್ರಿ ಊರು ಮಲಗಿದ ಮೇಲೆ, ವಾಲಗವಿಲ್ಲ, ಪತ್ರಿಕೆಯಿಲ್ಲ, ಹಿತ್ತಲ ಕೋಣೆಯಲ್ಲಿ ಸೀರೆ ಉಡಿಸಿ, ತಾಳಿ ಕಟ್ಟಿಸಿ, ಬೆಳಗಾಗುವುದರೊಳಗೆ ಜೀಪಿನಲ್ಲಿ ಆಳಂದಕ್ಕೆ. ನಾನು ಒಂದೇ ಮಾತಿಗೆ ‘ಹೂಂ’ ಎಂದೆ. ನಿಮಗೂ ಗದ್ದಲ ಸೇರುವುದಿಲ್ಲ, ನನಗೂ ಸೇರುವುದಿಲ್ಲ. ನಮ್ಮಿಬ್ಬರಿಗೆಂದೇ ಹೊಲಿಸಿದ ಅಂಗಿಯ ಹಾಗಿದೆ ಇದು. ಖರೆ ಅಲ್ಲವೇ?

ಗೋಡೆಗೆ ಸುಣ್ಣ ಹೊಡೆಸುತ್ತಿದ್ದೇನೆ. ನಿಮಗೆ ಯಾವ ಬಣ್ಣ ಸೇರುತ್ತದೆ?

ನಿಮ್ಮ,
ಸಂಜುಕುಮಾರ


ಜೇವರ್ಗಿ
೨೦ ಸೆಪ್ಟೆಂಬರ್ ೨೦೨೪

ಸಂಜುಕುಮಾರ ಅವರಿಗೆ,

ಪತ್ರ ಮುಟ್ಟಿತು. ಉತ್ತರ ತಡವಾಯಿತು. ಕಚೇರಿಯಲ್ಲಿ ಕೆಲಸ ಬಹಳ.

ಈ ಕಡೆ ಮಳೆ ಛಲೋ ಆಗಿದೆ, ತೊಗರಿ ಎದೆಯೆತ್ತರ ಬಂದಿದೆ. ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೆ.

ಬಣ್ಣ ಯಾವುದಾದರೂ ಆದೀತು.

ಶೈಲಶ್ರೀ


ಆಳಂದ
೨೮ ಸೆಪ್ಟೆಂಬರ್ ೨೦೨೪

ಪ್ರಿಯ ಶೈಲಶ್ರೀಯವರಿಗೆ,

ನಿಮ್ಮ ಪತ್ರ ತಿರುವಿ ಹಿಂದೆಯೂ ನೋಡಿದೆ. ಹಿಂದೆ ಏನೂ ಇರಲಿಲ್ಲ.

ಏನಾಯಿತು? ಮೊದಲ ಲಗ್ನದ ಸಂಗತಿ ಹೆಚ್ಚಾಗಿ ಬರೆದುಬಿಟ್ಟೆನೋ? ‘ಅವಳು ನಗುತ್ತಿದ್ದಳು’ ಎಂದದ್ದು ನಿಮಗೆ ನೋವಾಯಿತೇನೋ. ಬಿಡಿಸಿ ಬರೆಯಿರಿ ಎಂದವರು ನೀವೇ ಎಂದು ಬರೆದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವುದು ಸುಳ್ಳಲ್ಲ.

ಅಥವಾ ಆಳಂದ ಸೇರುವುದಿಲ್ಲವೇ? ಇಲ್ಲಿ ನೀರು ಸ್ವಲ್ಪ ಸವಳು, ಅದು ಖರೆ. ಫಿಲ್ಟರು ಕೂಡಿಸಿದ್ದೇನೆ. ಬಟ್ಟೆ ಒಗೆಯುವ ಮಷಿನ್ನು ನೋಡಿಬಂದೆ. ಅದು ತಿರುಗುವಾಗ ಮುಂದಿನ ಗಾಜಿನೊಳಗೆ ಎಲ್ಲ ಕಾಣುತ್ತದೆ, ಟೀವಿಯ ಬದಲು ಅದನ್ನೇ ನೋಡಬಹುದು. ನಿಮ್ಮ ಕೌದಿಗಳಿಗೆ ಒಂದು ಕಬ್ಬಿಣದ ಕಪಾಟು ತಂದಿಟ್ಟಿದ್ದೇನೆ. ನೌಕರಿಗೆ ಈ ಕಡೆ ವರ್ಗ ಮಾಡಿಸಿಕೊಳ್ಳಬಹುದು. ಮಾಡಿಸಿಕೊಳ್ಳುವವರೆಗೆ ನಾನೇ ವಾರಕ್ಕೊಮ್ಮೆ ಜೇವರ್ಗಿಗೆ ಬಂದುಹೋಗುತ್ತೇನೆ, ಬಸ್ಸಿನ ಧೂಳು ನನಗೆ ಹೊಸದಲ್ಲ.

ಏನು ಕಡಿಮೆಯಿದೆ ಎಂದು ಹೇಳಿ. ರಿಪೇರಿ ಮಾಡುವವನು ನಾನು, ಯಾವುದು ಕೆಟ್ಟಿದೆ ಎಂದು ಗಿರಾಕಿ ಬಾಯಿಬಿಟ್ಟು ಹೇಳದಿದ್ದರೆ ಎಲ್ಲಿ ಬಿಚ್ಚಲಿ?

ನಿಮ್ಮ,
ಸಂಜುಕುಮಾರ


ಜೇವರ್ಗಿ
೧೪ ಅಕ್ಟೋಬರ್ ೨೦೨೪

ಸಂಜುಕುಮಾರ ಅವರಿಗೆ,

ಬಾಯಿಬಿಟ್ಟು ಹೇಳಿ ಎಂದಿರಿ. ಹೇಳುತ್ತೇನೆ. ಈ ಸಿಟ್ಟು ನಿಮ್ಮೊಬ್ಬರ ಮೇಲಿನದಲ್ಲ, ಆದರೆ ಬರೆಯಲು ನೀವೊಬ್ಬರೇ ಇದ್ದೀರಿ.

ನನಗೆ ಗದ್ದಲ ಸೇರುವುದಿಲ್ಲ ಎಂದು ಯಾರು ಹೇಳಿದರು? ಸೊಸೆಯ ಕುಬುಸದ ದಿನ ನಾನು ಅಡುಗೆಮನೆಯಲ್ಲಿದ್ದೆ, ಯಾಕೆಂದರೆ ನಾನು ಹೊರಗೆ ಬರಬಾರದಾಗಿತ್ತು. ಗಂಡ ಸತ್ತವಳು ಬಸುರಿಯ ಎದುರು ಆರತಿಯ ಹೊತ್ತಿಗೆ ಕಾಣಿಸಬಾರದು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಶೈಲಾ, ಒಲಿ ಮ್ಯಾಲ ಹಾಲ ಅದ ನೋಡು’ ಎನ್ನುತ್ತಾರೆ. ಹಾಲು ಉಕ್ಕದಿದ್ದರೂ ನಾನು ಹೋಗುತ್ತೇನೆ. ಪಂಚಮಿಯ ಜೋಕಾಲಿಯೂ ಹಾಗೆಯೇ. ನನಗೆ ಹಾಡು ಬೇಕು, ಮಂದಿ ಬೇಕು, ನಗುವುದು ಬೇಕು. ನಿಮ್ಮ ಹೆಂಡತಿ ಇಡೀ ದಿನ ನಕ್ಕಳು ಎಂದು ಓದಿದಾಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ನನಗೂ ಹಾಗೆ ನಗಬೇಕು ಎಂದು ಆಸೆಯಾಯಿತು.

ನಾನು ಚಿಕ್ಕವಳಿದ್ದಾಗ ನಮ್ಮ ಚಿಗವ್ವನ ಉಡಕಿ ನೋಡಿದ್ದೇನೆ. ರಾತ್ರಿ ಎಚ್ಚರವಾಗಿ ಕದ್ದು ನೋಡಿದ್ದು. ಮುತ್ತೈದೆಯರೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ನನ್ನ ಅವ್ವ ಕೂಡ, ಒಡಹುಟ್ಟಿದ ತಂಗಿಯ ಮುಖ ನೋಡಬಾರದೆಂದು. ಇಬ್ಬರು ಮುದುಕಿಯರು ಸೀರೆ ಉಡಿಸಿದರು. ಚಿಗವ್ವ ‘ಅಕ್ಕಾ’ ಎಂದು ಒಂದು ಸಲ ಕರೆದಳು. ಒಳಗಿನಿಂದ ಯಾರೂ ಓಗೊಡಲಿಲ್ಲ. ಬೆಳಿಗ್ಗೆ ನಾನು ಎದ್ದು ಚಿಗವ್ವ ಎಲ್ಲಿ ಎಂದರೆ, ‘ಹ್ವಾದಳು’ ಎಂದರು. ಸತ್ತವರ ಬಗ್ಗೆ ಹೇಳುವ ಹಾಗೆ.

ನಮ್ಮ ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನವರ ಚಿತ್ರವಿದೆ. ಅದರ ಕೆಳಗೇ ಕುಳಿತು ಅಣ್ಣ ರಾತ್ರಿಯ ಹೊತ್ತು ಗೊತ್ತು ಮಾಡಿದ. ನಿಮ್ಮ ಅಕ್ಕ ತಲೆದೂಗಿದರು. ನನಗೂ ನಿಮಗೂ ಆದದ್ದು ಒಂದೇ ಸಾವಿನ ನೋವು. ನಾಳೆ ನೀವು ಕನ್ಯೆಯೊಬ್ಬಳನ್ನು ಮಾಡಿಕೊಂಡರೆ ಮತ್ತೆ ಎರಡು ಬ್ಯಾಂಡು ಬರುತ್ತವೆ. ನನಗೆ ಮಾತ್ರ ಹಿತ್ತಲ ಕೋಣೆ ಯಾಕೆ? ನಾನೇನು ಕದ್ದ ಎಮ್ಮೆಯೇ, ಊರು ಏಳುವುದರೊಳಗೆ ಸಾಗಿಸಲು?

ಬ್ಯಾಂಡು ಬೇಡ. ಊರೂಟ ಬೇಡ. ಹಗಲು ಹೊತ್ತಿನಲ್ಲಿ ಲಗ್ನವಾಗಬೇಕು. ಅತ್ತಿಗೆ ನನ್ನ ಮುಖ ನೋಡಿ ಅಕ್ಕಿಕಾಳು ಹಾಕಬೇಕು. ನಿಮ್ಮ ಜೊತೆ ಮುಂಬಾಗಿಲಿನಿಂದ ಹೊರಗೆ ಬಂದು, ಬಸ್ ನಿಲ್ದಾಣದವರೆಗೆ ನಡೆದು, ಎಲ್ಲರ ಎದುರು ಬಸ್ಸು ಹತ್ತಬೇಕು. ಮಷಿನ್ನು, ಕಪಾಟು ಯಾವುದೂ ನನಗೆ ಬೇಡ. ನಿಮ್ಮನ್ನು ನಾನು ಕೇಳುವುದು ಇದೊಂದೇ.

ಮೊದಲ ಪತ್ರ ನೋಡಿದ ದಿನದಿಂದ ನಿಮ್ಮನ್ನು ಒಳ್ಳೆಯವರೆಂದು ತಿಳಿದಿದ್ದೇನೆ. ಅದಕ್ಕೇ ಇಷ್ಟು ಬರೆದೆ.

ಶೈಲಶ್ರೀ


ಆಳಂದ
೬ ನವೆಂಬರ್ ೨೦೨೪

ಪ್ರಿಯ ಶೈಲಶ್ರೀಯವರಿಗೆ,

ನಿಮ್ಮ ಪತ್ರ ಓದಿ ಅಂಗಡಿಯ ಶಟರು ಅರ್ಧ ಇಳಿಸಿ ಕುಳಿತೆ. ನಿಮ್ಮ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಗಂಡಸಿನ ಬುದ್ಧಿಗೆ ಹೊಳೆಯುವುದಿಲ್ಲ ನೋಡಿ, ನನಗೆ ಹೊಳೆಯಲೇ ಇಲ್ಲ.

ಅಂದೇ ಅಕ್ಕನ ಮನೆಗೆ ಹೋದೆ. ‘ಹಗಲಿಗೆ ಮಾಡೋಣು’ ಎಂದೆ. ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ‘ತಲಿ ನೆಟ್ಟಗದ ಏನೋ ನಿಂದು? ಜಯಮಾಲಾನ ಲಗ್ನ ಫೆಬ್ರವರಿಗೆ ಅದ. ಯಡ್ರಾಮಿ ಬೀಗರು ಹಳೇ ಮಂದಿ. ಹುಡುಗಿ ಸೋದರಮಾವ ವಿಧವೀನ ಹಾಡಾಹಗಲ ಮೆರಸ್ಕೊಂಡು ಬಂದಾನ ಅಂತ ಗೊತ್ತಾದ್ರ ಸಂಬಂಧ ಮುರೀತಾರ. ನನ್ನ ಮಗಳ ಬಾಳ್ವಿಗೆ ಕಲ್ಲ ಹಾಕ್ತೀ?’ ಎಂದು ಅತ್ತಳು. ನಾನು ಬಹಳ ಹೇಳಿದೆ. ಅಷ್ಟರಲ್ಲಿ ಜಯಮಾಲಾ ಬಂದು ಬಾಗಿಲ ಹತ್ತಿರ ನಿಂತಳು. ನನ್ನ ಕೈಯಲ್ಲೇ ಬೆಳೆದ ಕೂಸು. ಅವಳ ಮುಖ ನೋಡಿ ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಅತ್ತ ದರಿ ಇತ್ತ ಪುಲಿ ಎನ್ನುವ ಹಾಗಾಯಿತು ನನ್ನ ಸ್ಥಿತಿ.

ಒಂದು ವಾರ ಯೋಚನೆ ಮಾಡಿ ಒಂದು ದಾರಿ ಹುಡುಕಿದ್ದೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಸುಕಿನಲ್ಲಿ ಮಾಡೋಣ. ರಾತ್ರಿಯೂ ಅಲ್ಲ, ಪೂರ್ತಿ ಹಗಲೂ ಅಲ್ಲ. ಕೋಳಿ ಕೂಗಿ, ಮೂಡಣದಲ್ಲಿ ಬೆಳಕು ಹರಿಯುವ ಹೊತ್ತು. ಕೇಳಿದವರಿಗೆ ನಿಮ್ಮ ಅಣ್ಣ ‘ರಾತ್ರಿನೇ ಆತ್ರಿ’ ಎನ್ನಬಹುದು, ನೀವು ‘ಬೆಳಕಿನಲ್ಲೇ ಆಯಿತು’ ಎನ್ನಬಹುದು. ಅಕ್ಕನೂ ಒಪ್ಪಿದ್ದಾಳೆ. ಜೀಪು ಬೇಡ, ಮೊದಲ ಬಸ್ಸಿಗೇ ಬರೋಣ. ಆ ಹೊತ್ತಿಗೆ ನಿಲ್ದಾಣದಲ್ಲಿ ಒಂದೆರಡು ಮಂದಿಯಾದರೂ ಇರುತ್ತಾರೆ.

ಹೇಗಿದೆ ನನ್ನ ಉಪಾಯ? ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ನಿಮ್ಮ,
ಸಂಜುಕುಮಾರ


ಆಳಂದ
೩೧ ಡಿಸೆಂಬರ್ ೨೦೨೪

ಪ್ರಿಯ ಶೈಲಶ್ರೀಯವರಿಗೆ,

ಉತ್ತರ ಬರಲಿಲ್ಲ. ಟಪಾಲಿನಲ್ಲಿ ಕಳೆದಿರಬಹುದು ಎಂದುಕೊಂಡು ಮತ್ತೆ ಬರೆಯುತ್ತಿದ್ದೇನೆ. ನಿಮ್ಮ ಅಣ್ಣನವರಿಗೆ ಫೋನ್ ಮಾಡಿದ್ದೆ. ‘ಆಕಿ ಏನೂ ಹೇಳವಲ್ಲಳು, ನೀವೇ ಕೇಳ್ರಿ’ ಎಂದರು.

ನಿನ್ನೆ ಎಳ್ಳ ಅಮಾವಾಸ್ಯೆ. ಚಾಂದಪಾಶಾನನ್ನೂ ಕರೆದುಕೊಂಡು ಅಕ್ಕನ ಹೊಲಕ್ಕೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೋಗಿದ್ದೆ. ಸಜ್ಜೆ ಕಡುಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ. ಎಲ್ಲರೂ ಗಂಡ-ಹೆಂಡತಿ ಜೋಡಿಯಾಗಿ ಬೆಳೆಯ ಸುತ್ತ ತಿರುಗಿ ಚರಗ ಚೆಲ್ಲಿದರು. ನಾನು ಬಂಡಿಯ ಹತ್ತಿರ ಕುಳಿತು ನೀರಿನ ಬಿಂದಿಗೆ ಕಾಯ್ದೆ. ಗದ್ದಲ ಒಗ್ಗುವುದಿಲ್ಲ ಎಂದು ನಿಮಗೆ ಬರೆದಿದ್ದೆನಲ್ಲ. ನಿಜ ಹೇಳಲೇ? ಒಬ್ಬನೇ ಇದ್ದವನಿಗೆ ಗದ್ದಲದೊಳಗೆ ನಿಲ್ಲಲು ಜಾಗ ಸಿಗುವುದಿಲ್ಲ, ಅಷ್ಟೇ.

ಎರಡು ಸಾಲು ಬರೆದರೂ ಸಾಕು.

ಸಂಜುಕುಮಾರ


ಆಳಂದ
೩ ಮಾರ್ಚ್ ೨೦೨೫

ಪ್ರಿಯ ಶೈಲಶ್ರೀಯವರಿಗ,

ಸಿಹಿ ಸುದ್ದಿ! ಖುಷಿಯ ಗಡಿಬಿಡಿಯಲ್ಲಿ ನಿಮ್ಮ ಹೆಸರೂ ನೆಟ್ಟಗೆ ಬರೆಯಲಿಲ್ಲ ನೋಡಿ.

ಜಯಮಾಲಾನ ಲಗ್ನ ಚೆನ್ನಾಗಿ ಮುಗಿಯಿತು. ಅವಳು ಯಡ್ರಾಮಿಗೆ ಹೋದಳು, ಆರಾಮ ಇದ್ದಾಳೆ. ಮೊನ್ನೆ ಅಕ್ಕ ತಾನಾಗಿಯೇ ಅಂಗಡಿಗೆ ಬಂದು, ‘ಇನ್ನ ನಿನಗ ಹ್ಯಾಂಗ ಬೇಕೋ ಹಾಂಗ ಮಾಡ್ಕೋ ತಮ್ಮಾ. ಹಗಲಿಗೇ ಆಗ್ಲಿ. ಈಗ ಯಾರಂಜಿಕಿ ಅದ?’ ಎಂದಳು. ನಿಮ್ಮ ಅಣ್ಣನವರಿಗೂ ಫೋನ್ ಹಚ್ಚಿ ಮಾತಾಡಿದೆ, ಅವರೂ ಅಡ್ಡಿಯಿಲ್ಲ ಎಂದರು. ಅಂದರೆ ನೀವು ಬೇಡಿದ್ದೆಲ್ಲ ಆಯಿತು! ಮಧ್ಯಾಹ್ನ ಹನ್ನೆರಡಕ್ಕೆ, ನೆತ್ತಿಯ ಮೇಲೆ ಸೂರ್ಯ ಇರುವಾಗ, ಮಠದಲ್ಲಿ. ಬ್ಯಾಂಡು ಬೇಡವೆಂದಿದ್ದಿರಿ. ಚಾಂದಪಾಶಾ ಕೇಳುತ್ತಿಲ್ಲ, ತರುತ್ತೇನೆ ಎನ್ನುತ್ತಿದ್ದಾನೆ.

ಇಷ್ಟು ದಿನದ ಮೌನ ನನಗೆ ಅರ್ಥವಾಗಿದೆ. ನೀವು ಪಟ್ಟು ಹಿಡಿದದ್ದೇ ಛಲೋ ಆಯಿತು. ಗೆದ್ದಿರಿ. ದಿನ ನೋಡಲು ಹೇಳಲೇ?

ನಿಮ್ಮ,
ಸಂಜುಕುಮಾರ


ಅಫಜಲಪುರ
೨೨ ಮಾರ್ಚ್ ೨೦೨೫

ಸಂಜುಕುಮಾರ ಅವರಿಗೆ ಶರಣು.

ನಿಮ್ಮ ಪತ್ರ ಜೇವರ್ಗಿಯ ಕಚೇರಿಗೆ ಹೋಗಿತ್ತು. ಲಾಲಸಾಬ ವಿಳಾಸ ತಿದ್ದಿ ಇಲ್ಲಿಗೆ ಕಳಿಸಿದ. ಜನವರಿಯಲ್ಲಿ ನಾನು ವರ್ಗ ಕೇಳಿ ಪಡೆದು ಅಫಜಲಪುರಕ್ಕೆ ಬಂದೆ. ಅಣ್ಣ ನಿಮಗೆ ಹೇಳಿರಲಿಕ್ಕಿಲ್ಲ, ಅವನಿಗೆ ಇದು ನಾಚಿಕೆಯ ವಿಷಯ. ಸುಲ್ತಾನಬಿ ಎಂಬ ಮುದುಕಿಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಆಕೆ ಹಬ್ಬಕ್ಕೆ ಹೆಣ್ಣುಮಕ್ಕಳನ್ನೆಲ್ಲ ಕರೆದಾಗ ನನ್ನನ್ನೂ ಕೂಗುತ್ತಾಳೆ, ‘ಬಾ ಬೇ ಕೆಳಗ, ಮ್ಯಾಲ ಒಬ್ಬಾಕಿ ಏನ್ ಮಾಡ್ತಿ?’ ಎಂದು. ಹೋಗುತ್ತೇನೆ. ಸುಖವಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಸಂಜೆ ಕಚೇರಿಯಿಂದ ಬಂದು ಒಬ್ಬಳಿಗೆಂದು ಹಿಟ್ಟು ನಾದುವಾಗ ಅಳು ಬರುತ್ತದೆ. ಹಿಟ್ಟು ಹೆಚ್ಚಾಗುತ್ತದೆ, ಅಳತೆ ಇನ್ನೂ ಕೈಗೆ ಹತ್ತಿಲ್ಲ.

ನಿನ್ನೆ ಅತ್ತಿಗೆ ಫೋನ್ ಮಾಡಿ, ‘ಹಗಲಿಗೇ ಮಾಡ್ತಾರಂತಲ್ಲ, ಇನ್ನೇನು ಬೇಕು ನಿನಗ?’ ಎಂದರು. ಆಮೇಲೆ ಮಾತಾಡುತ್ತೇನೆಂದು ಫೋನ್ ಇಟ್ಟೆ. ನಿಮಗೆ ಹೇಳಬೇಕು.

ನವೆಂಬರಿನಲ್ಲಿ ನಿಮ್ಮ ನಸುಕಿನ ಪತ್ರ ಬಂತು. ಅದಕ್ಕೆ ಉತ್ತರ ಬರೆಯಲು ಕುಳಿತರೆ ಜಗಳವಾಗುತ್ತಿತ್ತು. ಬರೆಯದೆ ಕಾದೆ. ನೀವೇ ಮತ್ತೆ ಯೋಚಿಸಿ, ಅಕ್ಕನಿಗೆ ಎದುರು ಮಾತಾಡಿ, ಒಂದು ದಿನ ಕಚೇರಿಯ ಬಾಗಿಲಿಗೆ ಬಂದು ನಿಲ್ಲುತ್ತೀರಿ ಎಂದುಕೊಂಡೆ. ಆಳಂದ ಕಡೆಯ ಬಸ್ಸು ಬರುವ ಹೊತ್ತಿಗೆ ಕಿಟಕಿಯಿಂದ ನೋಡುತ್ತಿದ್ದೆ. ಹೀಗೆ ಕಾದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಈಗ ಎಲ್ಲರೂ ಹಗಲಿಗೆ ಒಪ್ಪಿದ್ದಾರೆ. ಜಯಮಾಲಾ ಚೆನ್ನಾಗಿರಲಿ, ಆ ಹುಡುಗಿಯ ಮೇಲೆ ನನಗೆ ಮುನಿಸಿಲ್ಲ. ಆದರೆ ಅವಳ ಲಗ್ನ ಮುಗಿಯಿತು, ಇನ್ನು ನನ್ನ ಮುಖ ಕಂಡರೆ ಯಾರಿಗೂ ನಷ್ಟವಿಲ್ಲ, ಅದಕ್ಕೇ ಅಲ್ಲವೇ ಒಪ್ಪಿದ್ದು? ಎಲ್ಲರದೂ ಆದ ಮೇಲೆ ಉಳಿದ ಹಗಲು ನನಗೆ ಬಂತು. ನಾನು ಇಷ್ಟು ವರ್ಷ ಅಣ್ಣನ ಮನೆಯಲ್ಲಿ ಬಾಳಿದ್ದೂ ಹೀಗೆಯೇ.

ನವೆಂಬರಿನಲ್ಲಿ ನೀವು ನನ್ನ ಪಕ್ಕ ನಿಂತು ‘ಈಕಿ ಹೇಳಿದ ಹಾಂಗ ಆಗಬೇಕು’ ಎಂದಿದ್ದರೆ, ಅವರು ಯಾರೂ ಒಪ್ಪದೆ ಹೋಗಿದ್ದರೆ, ಸಂಜುಕುಮಾರ, ನಾನು ನಿಮ್ಮ ಕೈ ಹಿಡಿದು ನಡುರಾತ್ರಿಯ ಉಡಕಿಗೂ ಬರುತ್ತಿದ್ದೆನೇನೋ.

ಈಗ ಒಲ್ಲೆ. ದಿನ ನೋಡಲು ಹೇಳಬೇಡಿ.

ಪತ್ರ ಬರೆಯಬೇಡಿ ಎನ್ನಲು ಕೈ ಏಳುತ್ತಿಲ್ಲ. ಬರೆಯಿರಿ ಎಂದರೆ ನಾನು ಮತ್ತೆ ಕಾಯುತ್ತ ಕುಳಿತುಬಿಡುತ್ತೇನೆ.

ಶೈಲಶ್ರೀ